ಸೇಫ್ಟಿ ಪೇಪರ್ಸ್ ಸರ್ಬಿಯನ್‌ಗೆ ಮಾಡಿಸ್ಬೇಕು, ಯಾರನ್ನ ನಂಬೋದು?

ಪ್ರಶ್ನೆ: ನಮ್ಮ ಕಂಪನಿಯಿಂದ ಸರ್ಬಿಯಾಗೆ ಇಂಡಸ್ಟ್ರಿಯಲ್ ಕ್ಲೀನಿಂಗ್ ಕೆಮಿಕಲ್ಸು, ಜೊತೆಗೆ ಅದನ್ನ ಹಾಕಿ ಓಡಿಸೋ ಮೆಷಿನ್ನು ಹೋಗ್ತಿದೆ. ಲೇಬಲ್, ಸೇಫ್ಟಿ ಡೇಟಾ ಶೀಟ್ (ಕೆಮಿಕಲ್ಲಿನ ಅಪಾಯ, ಎಚ್ಚರಿಕೆ ಎಲ್ಲ ಬರೆದಿರೋ ಕಾಗದ), ಮ್ಯಾನ್ಯುಯಲ್ ಎಲ್ಲಾ ಇಂಗ್ಲಿಷಲ್ಲಿದೆ. ಟ್ರಾನ್ಸ್‌ಲೇಟರ್ಸ್ ಹುಡುಕಿದ್ರೆ ಪ್ರತಿಯೊಬ್ರೂ ಎಲ್ಲಾ ಸಬ್ಜೆಕ್ಟೂ ಮಾಡ್ತೀವಿ ಅಂತಾರೆ. ಸೇಫ್ಟಿ ನಿಜವಾಗ್ಲೂ ಗೊತ್ತಿರೋರು ಯಾರು ಅಂತ ತಿಳ್ಕೊಳ್ಳೋದು ಹೇಗೆ? ಸರ್ಕಾರಿ ಸೀಲ್ ಇರೋರೇ ಆಗ್ಬೇಕಾ?

ಉತ್ತರ: ಮೊದಲು ಸೀಲಿನ ವಿಷಯ. ಸರ್ಬಿಯಾದಲ್ಲಿ ಕೋರ್ಟ್ ಟ್ರಾನ್ಸ್‌ಲೇಟರ್ಸ್ ಅಂತ ಇದ್ದಾರೆ, ಅಲ್ಲಿನ ನ್ಯಾಯ ಇಲಾಖೆ ನೇಮಿಸುತ್ತೆ, ಸರ್ಟಿಫಿಕೇಟು, ಕೋರ್ಟ್ ಕಾಗದಕ್ಕೆಲ್ಲ ಅವರ ಸೀಲ್ ಬೇಕಾಗುತ್ತೆ. ಆದ್ರೆ ಆ ಸೀಲ್ ಇದೆ ಅಂದ್ರೆ ಕಾಸ್ಟಿಕ್ ಸೋಡಾ ಬಗ್ಗೆ ಗೊತ್ತಿದೆ ಅಂತ ಅಲ್ಲ. ಯಾವ್ದಾದ್ರೂ ಆಫೀಸು ಸೀಲ್ ಕೇಳಿದ್ರೆ ಆಗ ನೋಡ್ಕೊಳ್ಳಿ.

ನಿಮಗೆ ಬೇಕಾಗಿರೋದು ಎಲ್ಲಿ ಸ್ವಂತ ಬುದ್ಧಿ ಉಪಯೋಗಿಸಬಾರದು ಅನ್ನೋದು ಗೊತ್ತಿರೋ ಮನುಷ್ಯ. ಎಚ್ 314 ತಗೊಳ್ಳಿ, ಚರ್ಮ ಸುಟ್ಟು ಕಣ್ಣಿಗೂ ಹಾನಿ ಆಗುತ್ತೆ ಅಂತ ಹೇಳೋ ಎಚ್ಚರಿಕೆ ಸಾಲು ಅದು. ಇಂಥ ಸಾಲುಗಳಿಗೆಲ್ಲ ಸರ್ಬಿಯಾದ ಕೆಮಿಕಲ್ ನಿಯಮಗಳಲ್ಲೇ ಅಧಿಕೃತ ಪಠ್ಯ ಇದೆ, ಅದನ್ನ ಹಾಗ್‌ಹಾಗೇ ಇಳಿಸ್ಬೇಕು, ಎಷ್ಟೇ ಚೆನ್ನಾಗಿ ಬರೆಯೋರಾದ್ರೂ ತಮ್ಮ ಮಾತಲ್ಲಿ ಬರೆದ್ರೆ ತಪ್ಪೇ. ಇಲ್ಲಿ ಇನ್ನೊಂದು ಕಿತಾಪತಿ ಇದೆ. ಸರ್ಬಿಯಾ ಯುರೋಪಿಯನ್ ಯೂನಿಯನ್‌ನಲ್ಲಿಲ್ಲ, ಕ್ರೊಯೇಷಿಯಾ 2013ರಲ್ಲೇ ಸೇರಿದೆ, ಹಾಗಾಗಿ ಯೂನಿಯನ್ನಿನ ಲೇಬಲ್ ಕಾನೂನು ಕ್ರೊಯೇಷಿಯನ್‌ನಲ್ಲಿ ರೆಡಿ ಸಿಗುತ್ತೆ, ಎರಡು ಭಾಷೆನೂ ಹತ್ರ ಹತ್ರ ಇರೋದ್ರಿಂದ ಸೋಮಾರಿಗಳು ಅದನ್ನೇ ಎತ್ತಿ ಹಾಕಿಬಿಡ್ತಾರೆ. ಲೇಬಲ್ ಮೇಲೆ ವಾರ್ನಿಂಗ್ ಅನ್ನೋ ಜಾಗದಲ್ಲಿ ಸರ್ಬಿಯನ್‌ನಲ್ಲಿ 'ಪಾಜ್ನ್ಯಾ' ಬರ್ಬೇಕು, 'ಉಪೊಜೊರೆನ್ಯೆ' ಅಂತ ಬಂದಿದ್ರೆ ಅದು ಕ್ರೊಯೇಷಿಯಾದ ಸರಕು. ಭಾಷೆ ಬರದಿದ್ರೂ ನೀವೇ ಇಷ್ಟು ಚೆಕ್ ಮಾಡ್ಬಹುದು ನೋಡಿ.

ಹಾಗಾಗಿ ಕೆಲಸ ಕೊಡೋ ಮುಂಚೆ ಶೀಟಿನ 16 ಸೆಕ್ಷನ್‌ಗಳಲ್ಲಿ ಎರಡನೇದು, ಅಂದ್ರೆ ಅಪಾಯ ಏನು ಅಂತ ಹೇಳೋ ಭಾಗ, ಮಾತ್ರ ಸ್ಯಾಂಪಲ್ಲಾಗಿ ಮಾಡಿಸಿ (ದುಡ್ಡು ಕೊಟ್ಟೇ ಮಾಡಿಸಿ ರೀ, ಬಿಟ್ಟಿ ಕೇಳಿದ್ರೆ ಒಳ್ಳೆಯವರು ಬರಲ್ಲ). ಎಚ್ಚರಿಕೆ ಸಾಲುಗಳನ್ನ ಎಲ್ಲಿಂದ ತಗೊಂಡ್ರಿ ಅಂತ ಕೇಳಿ. ನಿಯಮದ ಹೆಸರು ಹೇಳಿದ್ರೆ ಸರಿ, ಡಿಕ್ಷನರಿ ಅಂದ್ರೆ ಬೇಡ. ಕೆಲಸ ಗೊತ್ತಿರೋರು ನಿಮ್ಮನ್ನೇ ತಿರುಗಿ ಕೇಳ್ತಾರೆ, ಸಿರಿಲಿಕ್ ಲಿಪಿನಾ ಲ್ಯಾಟಿನ್ನಾ ಅಂತ. ಸಂವಿಧಾನದ ಪ್ರಕಾರ ಆಡಳಿತಕ್ಕೆ ಸಿರಿಲಿಕ್, ಆದ್ರೆ ಜನ ಎರಡನ್ನೂ ಬಳಸ್ತಾರೆ, ಅಲ್ಲಿ ನಿಮ್ಮ ಮಾಲು ತರಿಸ್ಕೊಳ್ಳೋರನ್ನೇ ಕೇಳಿ ಫೈನಲ್ ಮಾಡಿ.

ಹುಡುಕೋಕೆ ಪ್ರೋಜ್ (ProZ) ಅನ್ನೋ ಅನುವಾದಕರ ವೆಬ್‌ಸೈಟಿನ ಡೈರೆಕ್ಟರಿಲಿ ಮಾತೃಭಾಷೆ ಸರ್ಬಿಯನ್, ವಿಷಯ ಕೆಮಿಸ್ಟ್ರಿ ಅಂತ ಹಾಕಿ ನೋಡಿ. ಬೆಲ್‌ಗ್ರೇಡ್‌ನಲ್ಲಿ ವೈಜ್ಞಾನಿಕ, ತಾಂತ್ರಿಕ ಅನುವಾದಕರ ಸಂಘಾನೂ ಇದೆ. ಏಜೆನ್ಸಿಗೆ ಕೊಡೋದಾದ್ರೆ ಅನುವಾದ ಸೇವೆಗೆ ಇರೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17100 ಸರ್ಟಿಫಿಕೇಟ್ ಇದ್ಯಾ ಅಂತ ಕೇಳಿ, ಅದ್ರಲ್ಲಿ ಅನುವಾದಾನ ಇನ್ನೊಬ್ಬ ವ್ಯಕ್ತಿ ಮೂಲದ ಜೊತೆ ಇಟ್ಟು ನೋಡಲೇಬೇಕು. ಮ್ಯಾನ್ಯುಯಲ್‌ಗೆ ಮಾತ್ರ ಮೆಷಿನ್ ಗೊತ್ತಿರೋ ಬೇರೆಯವರೇ ಬೇಕಾಗ್ಬಹುದು, ಪ್ಯಾನಲ್ ಫೋಟೋ ಕಳಿಸಿಬಿಡಿ, ಬಟನ್ ಮೇಲೆ ಇಂಗ್ಲಿಷ್ ಇದ್ದು ಪುಸ್ತಕದಲ್ಲಿ ಬರೀ ಸರ್ಬಿಯನ್ ಇದ್ರೆ ಆಪರೇಟರ್ ಯಾವ ಬಟನ್ ಒತ್ತಬೇಕು ಹೇಳಿ.