ಓದುಗರ ಪ್ರಶ್ನೆ, ನೇತ್ರವೈದ್ಯರ ಉತ್ತರ: ಆಟಿಸಂ ಇರುವ ಮಕ್ಕಳ ಕಣ್ಣು

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಬಳಿಯ ಹಳ್ಳಿ. ಮನೆಗೆ ಹೊಂದಿಕೊಂಡೇ ರೇಷ್ಮೆ ನೂಲು ಬಿಚ್ಚಣಿಕೆಯ ಘಟಕವಿದೆ. ಐದು ವರ್ಷದ ಮಗನಿಗೆ ಆಟಿಸಂ ಇದೆಯೆಂದು ಬೆಂಗಳೂರಿನ ವೈದ್ಯರು ತಿಳಿಸಿದ್ದಾರೆ. ಅವನು ತಲೆಯನ್ನು ಎಡಕ್ಕೆ ವಾಲಿಸಿ ಓರೆಗಣ್ಣಿನಿಂದ ಟಿ.ವಿ. ನೋಡುತ್ತಾನೆ, ತಿರುಗುವ ಫ್ಯಾನನ್ನೂ ನೂಲಿನ ರಾಟೆಯನ್ನೂ ಬಹಳ ಹೊತ್ತು ದಿಟ್ಟಿಸುತ್ತಾನೆ, ಟ್ಯೂಬ್‌ಲೈಟ್ ಹಾಕಿದರೆ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾನೆ. ಇವೆಲ್ಲ ಆಟಿಸಂನ ಲಕ್ಷಣಗಳೇ, ಅಕ್ಷರ ಹೇಳಲು ಬಾರದ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಲೂ ಆಗದು ಎಂದು ಹೇಳುವವರಿದ್ದಾರೆ. ಬಣ್ಣದ ಕನ್ನಡಕ ಹಾಕಿಸಿದರೆ ಮಾತು ಬರುತ್ತದೆ ಎಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ ಡಾಕ್ಟರೇ?
ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ತಾಯಿ, ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ, ಉಳಿದ ವಿಚಾರವೆಲ್ಲ ಆಮೇಲೆ. ಆಟಿಸಂ ಇರುವ ಮಕ್ಕಳಲ್ಲಿ ಕನ್ನಡಕ ಬೇಕಾಗುವಂಥ ದೃಷ್ಟಿದೋಷ, ಮೆಳ್ಳೆಗಣ್ಣು ಮತ್ತು ಒಂದು ಕಣ್ಣು ಮಂಕಾಗಿ ಉಳಿಯುವ 'ಸೋಮಾರಿ ಕಣ್ಣು' ಇತರ ಮಕ್ಕಳಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಆದರೂ ಇಂಥ ಮಕ್ಕಳೇ ನಮ್ಮ ಬಳಿಗೆ ತಡವಾಗಿ ಬರುತ್ತಾರೆ. ಒಮ್ಮೆ ಆಟಿಸಂ ಎಂಬ ಹೆಸರು ಚೀಟಿಯ ಮೇಲೆ ಬಿದ್ದರೆ, ಮಗು ಮಾಡುವ ಪ್ರತಿಯೊಂದನ್ನೂ ಅದರ ಲೆಕ್ಕಕ್ಕೇ ಬರೆದುಬಿಡುವ ಅಭ್ಯಾಸ ಮನೆಯವರಲ್ಲಷ್ಟೇ ಏಕೆ, ವೈದ್ಯರಲ್ಲೂ ಇದೆ. ಸೋಮಾರಿ ಕಣ್ಣಿಗೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಸಿಗುವ ಫಲ ನಂತರ ಅಷ್ಟಾಗಿ ಸಿಗುವುದಿಲ್ಲವಾದ್ದರಿಂದ, ಐದು ವರ್ಷದ ನಿಮ್ಮ ಮಗನ ವಿಷಯದಲ್ಲಿ ಕಾಯುವುದು ತರವಲ್ಲ.

ನೀವು ಬರೆದಿರುವ ಲಕ್ಷಣಗಳಿಗೆಲ್ಲ ಒಂದೇ ಕಾರಣ ಇರಬೇಕಾಗಿಲ್ಲ. ತಿರುಗುವ ವಸ್ತುವನ್ನು ದಿಟ್ಟಿಸುವುದು, ಬೆರಳುಗಳನ್ನು ಕಣ್ಣ ಮುಂದೆ ಆಡಿಸುವುದು ಬಹುಪಾಲು ಆಟಿಸಂನ ಸಂವೇದನೆಗೆ ಸೇರಿದ್ದು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿ.ಎಸ್.ಎಂ.-5 ಎಂಬ, ಮನೋರೋಗಗಳನ್ನು ಗುರುತಿಸುವ ಕೈಪಿಡಿಯು ಬೆಳಕು, ಶಬ್ದ, ವಾಸನೆ, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. ಓರೆನೋಟವೂ ಹಾಗೆಯೇ ಇರಬಹುದು. ಎದುರಿನ ಮುಖವನ್ನು ನೇರವಾಗಿ ನೋಡದಿರುವುದಂತೂ ದೃಷ್ಟಿದೋಷದ ಗುರುತಲ್ಲ, 'ನನ್ನ ಕಣ್ಣು ನೋಡು' ಎಂದು ಅವನ ಗಲ್ಲ ಹಿಡಿದು ತಿರುಗಿಸಬೇಡಿ.

ಆದರೆ ತಲೆ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ ಎಂಬ ನಿಮ್ಮ ಮಾತು ನನ್ನ ಗಮನ ಸೆಳೆಯಿತು. ಕಣ್ಣನ್ನು ತಿರುಗಿಸುವ ಸ್ನಾಯುವೊಂದು ದುರ್ಬಲವಾಗಿದ್ದರೆ ವಸ್ತು ಎರಡಾಗಿ ಕಾಣುತ್ತದೆ, ಅದನ್ನು ತಪ್ಪಿಸಲು ಮಗು ತಾನಾಗಿಯೇ ತಲೆ ವಾಲಿಸುತ್ತದೆ. ಕಣ್ಣುಗುಡ್ಡೆ ಸದಾ ಅದುರುವ ಮಕ್ಕಳು ಅದುರು ಕಡಿಮೆಯಾಗುವ ಕೋನವನ್ನು ಹುಡುಕಿಕೊಂಡು ಮುಖವನ್ನು ಪಕ್ಕಕ್ಕೆ ಹೊರಳಿಸುತ್ತಾರೆ. ಅವನು ಟಿ.ವಿ. ನೋಡುವಾಗ, ಒಪ್ಪಿದರೆ ಮಾತ್ರ, ಒಂದೊಂದು ಕಣ್ಣನ್ನೂ ಸ್ವಲ್ಪ ಹೊತ್ತು ಅಂಗೈಯಿಂದ ಮರೆಮಾಡಿ ನೋಡಿ. ಒಂದು ಕಣ್ಣು ಮುಚ್ಚಿದಾಗ ತಲೆ ನೆಟ್ಟಗಾದರೆ ಕಾರಣ ಕಣ್ಣಿನಲ್ಲಿರುವ ಸಾಧ್ಯತೆ ಹೆಚ್ಚು. ಒಂದು ಕಣ್ಣನ್ನು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದಾಗ ಮಾತ್ರ ರಂಪ ಮಾಡಿದರೆ, ಸುಮ್ಮನಿದ್ದಾಗ ಮುಚ್ಚಿದ್ದ ಕಣ್ಣಿನ ದೃಷ್ಟಿ ಮಂದವಾಗಿರಬಹುದು. ಮುಷ್ಟಿಯಿಂದ ಕಣ್ಣುಗುಡ್ಡೆಯನ್ನು ಬಲವಾಗಿ ಒತ್ತಿಕೊಳ್ಳುವ ಅಭ್ಯಾಸವಿದ್ದರೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ದಿಟ್ಟಿಸುವಾಗ ಕೆಲವು ಕ್ಷಣ ಕರೆದರೂ ಮುಟ್ಟಿದರೂ ಎಚ್ಚರಗೊಳ್ಳದಿದ್ದರೆ ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು, ನರರೋಗ ತಜ್ಞರಿಗೆ ತೋರಿಸಿ. ಇವೆಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ತಂದರೆ ನೀವು ಹತ್ತು ನಿಮಿಷ ವಿವರಿಸುವುದು ನಮಗೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಅಕ್ಷರ ಹೇಳಲು ಬಾರದಿದ್ದರೆ ಪರೀಕ್ಷೆ ಆಗದು ಎಂಬುದು ಸರಿಯಲ್ಲ. ಆರು ತಿಂಗಳ ಕೂಸಿಗೂ ನಾವು ಕನ್ನಡಕದ ಪವರ್ ಅಳೆಯುತ್ತೇವೆ. ರೆಟಿನೋಸ್ಕೋಪ್ ಎಂಬ ಪುಟ್ಟ ದೀಪದಿಂದ ಬೆಳಕನ್ನು ಪಾಪೆಯೊಳಗೆ ಹಾಯಿಸಿ, ಮರಳಿ ಬರುವ ಬೆಳಕು ಯಾವ ಕಡೆಗೆ ಸರಿಯುತ್ತದೆಂದು ನೋಡಿದರೆ ಪವರ್ ತಿಳಿಯುತ್ತದೆ, ಮಗು ಮಾತಾಡಬೇಕಾಗಿಲ್ಲ. ಒಂದು ಮೀಟರ್ ದೂರದಿಂದಲೇ ಚಿತ್ರ ತೆಗೆದಂತೆ ಅಳೆಯುವ ಯಂತ್ರಗಳೂ ಬಂದಿವೆ. ಪಾಪೆ ಹಿಗ್ಗಿಸಲು ಬಿಡುವ ಔಷಧಿಯ ಬಗ್ಗೆ ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ: ಸೈಕ್ಲೋಪೆಂಟೋಲೇಟ್‌ನ ಪರಿಣಾಮ ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ, ಅಟ್ರೋಪಿನ್‌ನದು ಒಂದೆರಡು ವಾರ ಉಳಿಯುತ್ತದೆ. ಬೆಳಕನ್ನೇ ತಾಳದ ಮಗುವಿಗೆ ಅಷ್ಟು ದಿನ ಪಾಪೆ ಹಿಗ್ಗಿರುವುದು ದೊಡ್ಡ ಹಿಂಸೆ, ಆದ್ದರಿಂದ ಅಗತ್ಯ ಎಷ್ಟಿದೆ ಎಂದು ವೈದ್ಯರೊಡನೆ ಚರ್ಚಿಸಿ. ಹನಿ ಹಾಕುವಾಗ ರೆಪ್ಪೆ ಬಲವಂತವಾಗಿ ಬಿಡಿಸಬೇಡಿ. ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಯಲ್ಲಿ ಹನಿ ಬಿಟ್ಟರೆ ಅವನು ಕಣ್ಣು ತೆರೆದಾಗ ಅದು ತಾನೇ ಒಳಗಿಳಿಯುತ್ತದೆ. ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆಯಿರಿ. ಜನ ತುಂಬಿದ ಮೊಗಸಾಲೆಯಲ್ಲಿ ಮೂರು ಗಂಟೆ ಕಾದು ಕೆರಳಿದ ಮಗುವನ್ನು ಯಾವ ವೈದ್ಯನೂ ಸರಿಯಾಗಿ ನೋಡಲಾರ.

ಎಲ್ಲಿಗೆ ಹೋಗಬೇಕೆಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳಿಗೆ ಸಂಬಂಧಿಸಿದ್ದು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರಬೇಕು. ದೃಷ್ಟಿದೋಷ, ಆಟಿಸಂ ಎರಡೂ ಅದರ ವ್ಯಾಪ್ತಿಯಲ್ಲಿವೆ. ಆ ತಂಡದಿಂದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ, ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಹೋಗಬಹುದು.

ಟ್ಯೂಬ್‌ಲೈಟ್ ವಿಷಯದಲ್ಲಿ ನಿಮ್ಮ ಮಗನ ದೂರು ನ್ಯಾಯವಾದುದೇ ಇರಬಹುದು. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ನಮಗೆ ಅದರ ಅರಿವಾಗುವುದಿಲ್ಲ, ಅತಿಸಂವೇದನೆಯ ಕೆಲವರನ್ನು ಅದು ಕಾಡುತ್ತದೆ. ಅದನ್ನು ತೆಗೆದು ಒಳ್ಳೆಯ ಎಲ್.ಇ.ಡಿ. ದೀಪ ಹಾಕಿ, ಬೆಳಕು ನೇರವಾಗಿ ಕಣ್ಣಿಗೆ ಬೀಳದೆ ಗೋಡೆಗೆ ಬಡಿದು ಬರುವಂತೆ ಮಾಡಿ. ಬಿಚ್ಚಣಿಕೆಯ ಯಂತ್ರದ ಸದ್ದು, ಬೇಯುವ ಗೂಡಿನ ಘಾಟು ಮತ್ತು ದೀಪದ ಝಳಪು ಒಟ್ಟಿಗೆ ಬಂದಾಗ ಅವನು ಕಣ್ಣು ಮುಚ್ಚುವುದು ಬೆಳಕಿಗಲ್ಲದೆ ಒಟ್ಟಾರೆ ಆ ಗದ್ದಲಕ್ಕೂ ಇದ್ದೀತು. ಕೆಲಸ ನಡೆಯುವ ಹೊತ್ತಿನಲ್ಲಿ ಅವನಿಗೆ ದೂರದ ಕೋಣೆಯೊಂದನ್ನು ಬಿಟ್ಟುಕೊಟ್ಟು ನೋಡಿ. ಬಿಸಿಲಿಗೆ ಅಂಚು ಅಗಲವಾದ ಟೋಪಿ ಸಾಕು. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಟ್ಟರೆ ಕಣ್ಣು ಕತ್ತಲಿಗೆ ಒಗ್ಗಿಹೋಗಿ ಬೆಳಕು ಇನ್ನಷ್ಟು ಚುಚ್ಚುತ್ತದೆ.

ಬಣ್ಣದ ಕನ್ನಡಕದಿಂದ ಮಾತು ಬರುತ್ತದೆ ಎನ್ನುವುದಕ್ಕೆ ನಂಬುವಂಥ ಆಧಾರವಿಲ್ಲ. ಆ ಹಣವನ್ನು ಮಾತಿನ ತರಬೇತಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಆಟಿಸಂ ಇರುವ ನನ್ನ ಆರು ವರ್ಷದ ಮಗಳಿಗೆ ಕನ್ನಡಕ ಕೊಟ್ಟು, ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಅಂಟಿಸಲು ಹೇಳಿದ್ದಾರೆ. ಎರಡನ್ನೂ ಕಿತ್ತೆಸೆಯುತ್ತಾಳೆ.
ಒಬ್ಬ ತಂದೆ, ಚಿಂತಾಮಣಿ

ಉತ್ತರ: ಇದು ಹಟವಲ್ಲ, ಚರ್ಮಕ್ಕೆ ಆಗುವ ಕಿರಿಕಿರಿ ಎಂದು ತಿಳಿದು ಆರಂಭಿಸಿ. ಕನ್ನಡಕದ ಭಾರ ಬೀಳುವುದು ಮೂಗಿನ ಮೇಲೆ ಮತ್ತು ಕಿವಿಯ ಹಿಂದೆ. ಹಗುರ ಪ್ಲಾಸ್ಟಿಕ್ ಚೌಕಟ್ಟು, ಮೆತ್ತನೆಯ ಸಿಲಿಕೋನ್ ಮೂಗುಪಟ್ಟಿ, ಒಡೆಯದ ಪಾಲಿಕಾರ್ಬೊನೇಟ್ ಗಾಜು ಇರುವಂಥದ್ದನ್ನು ಆರಿಸಿ. ಒಂದು ವಾರ ಚೌಕಟ್ಟನ್ನು ಕೈಯಲ್ಲಿ ಹಿಡಿದು ಆಡಲು ಬಿಡಿ. ನಂತರ ಅವಳಿಗೆ ಅತ್ಯಂತ ಪ್ರಿಯವಾದ ಆಟ ಅಥವಾ ವೀಡಿಯೊ ನಡೆಯುವಾಗ ಮಾತ್ರ ಹಾಕಿ, ಅವಳು ಕೀಳುವ ಮೊದಲೇ ನೀವೇ ತೆಗೆಯಿರಿ; ಅವಧಿಯನ್ನು ದಿನದಿನಕ್ಕೆ ಹೆಚ್ಚಿಸಿ. ಹೆಚ್ಚು ಪವರ್ ಇರುವ ಮಕ್ಕಳು ಜಗತ್ತು ಸ್ಪಷ್ಟವಾಗಿ ಕಾಣತೊಡಗಿದ ಮೇಲೆ ತಾವೇ ಕನ್ನಡಕ ಕೇಳುವುದುಂಟು.

ಚೆನ್ನಾಗಿರುವ ಕಣ್ಣನ್ನು ಮುಚ್ಚಿ ಸೋಮಾರಿ ಕಣ್ಣಿಗೆ ಕೆಲಸ ಕೊಡುವುದೇ ಪಟ್ಟಿಯ ಉದ್ದೇಶ. ಅಂಟಿಸುವ ಪಟ್ಟಿಯನ್ನು ಅವಳ ಚರ್ಮ ಕೊನೆಗೂ ಒಪ್ಪದಿದ್ದರೆ, ಚೆನ್ನಾಗಿರುವ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದರ ನೋಟವನ್ನು ತಾತ್ಕಾಲಿಕವಾಗಿ ಮಸುಕುಗೊಳಿಸುವ ದಾರಿಯಿದೆ. ಸಾಧಾರಣ ಮಟ್ಟದ ಸೋಮಾರಿ ಕಣ್ಣಿದ್ದ, ಏಳು ವರ್ಷದೊಳಗಿನ ಮಕ್ಕಳಲ್ಲಿ ಇದು ಪಟ್ಟಿಯಷ್ಟೇ ಫಲ ಕೊಟ್ಟಿತೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಬೆಳಕಿನ ಕಿರಿಕಿರಿ ಇದ್ದರೆ ಅದನ್ನೂ ತಿಳಿಸಿ ನಿಮ್ಮ ವೈದ್ಯರನ್ನು ಕೇಳಿ. ಅಂಗಡಿಯಿಂದ ನೀವಾಗಿಯೇ ತಂದು ಹಾಕಬೇಡಿ.

ಪ್ರಶ್ನೆ: ಆಟಿಸಂ ಇರುವ ನನ್ನ ಮೊಮ್ಮಗ ಬಿಸ್ಕತ್ತು ಮತ್ತು ಬಿಳಿ ಅನ್ನ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಈಚೆಗೆ ಸಂಜೆಯಾದರೆ ಹೊಸ್ತಿಲು ಎಡವುತ್ತಾನೆ, ಕಣ್ಣು ಉಜ್ಜಿಕೊಳ್ಳುತ್ತಾನೆ. ದೃಷ್ಟಿ ತಾಗಿದೆಯೆಂದು ಮನೆಯಲ್ಲಿ ನಿವಾಳಿಸುತ್ತಿದ್ದಾರೆ.
ಒಬ್ಬ ಅಜ್ಜ, ಗೌರಿಬಿದನೂರು

ಉತ್ತರ: ಹಿರಿಯರೇ, ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಣ್ಣ, ವಾಸನೆ, ಮೆದುತನ ಒಗ್ಗದೆ ಎರಡೇ ಪದಾರ್ಥಕ್ಕೆ ಅಂಟಿಕೊಂಡ ಮಕ್ಕಳಲ್ಲಿ ಎ ವಿಟಮಿನ್ ಕೊರತೆಯಾಗಿ ಇರುಳುಗಣ್ಣು ಬಂದ ಉದಾಹರಣೆಗಳಿವೆ. ನಿರ್ಲಕ್ಷಿಸಿದರೆ ಕಣ್ಣು ಒಣಗಿ ಕಪ್ಪುಗುಡ್ಡೆಯ ಮೇಲಿನ ಪೊರೆ ಹುಣ್ಣಾಗುತ್ತದೆ, ಆ ಕುರುಡು ಮರಳಿ ಸರಿಹೋಗದು. ಅಂಗನವಾಡಿಗಳಲ್ಲಿ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ಎರಡು ಲಕ್ಷ ಯೂನಿಟ್‌ನ ದ್ರಾವಣ ಅವನಿಗೆ ಸಿಕ್ಕಿದೆಯೇ ಎಂದು ತಾಯಿಕಾರ್ಡಿನಲ್ಲಿ ನೋಡಿ ವೈದ್ಯರಿಗೆ ತಿಳಿಸಿ. ಹೆಚ್ಚಾದರೆ ಈ ವಿಟಮಿನ್ ವಿಷವಾಗುವುದರಿಂದ ಪ್ರಮಾಣವನ್ನು ಅವರೇ ನಿರ್ಧರಿಸಬೇಕು. ಊಟದಲ್ಲಿ ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆಯನ್ನು ಒಮ್ಮೆಲೇ ತುರುಕದೆ, ಅನ್ನದಲ್ಲಿ ಗುರುತಿಗೂ ಸಿಗದಷ್ಟು ಕ್ಯಾರೆಟ್ ಅರೆದು ಬೆರೆಸುವುದರಿಂದ ಆರಂಭಿಸಿ. ಕೊರತೆಯೇ ಕಾರಣವಾಗಿದ್ದರೆ ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಸಂಜೆಯ ನೋಟ ಸುಧಾರಿಸುತ್ತದೆ. ಸುಧಾರಿಸದಿದ್ದರೆ, ಅದರಲ್ಲೂ ಮಗುವಿನ ತಂದೆತಾಯಿಯದು ಸೋದರಮಾವನ ಮಗಳಂಥ ರಕ್ತಸಂಬಂಧದ ಮದುವೆಯಾಗಿದ್ದರೆ, ವಂಶಪಾರಂಪರ್ಯವಾಗಿ ಬರುವ ರೆಟಿನಾ ಕಾಯಿಲೆ ಇದೆಯೇ ಎಂದು ಪರೀಕ್ಷಿಸಲು ಆ ವಿಷಯವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.