ಎಚ್. ನರಸಿಂಹಯ್ಯನವರನ್ನು ಭೌತವಿಜ್ಞಾನಿ ಎನ್ನಬಹುದೇ?

ಎಚ್. ನರಸಿಂಹಯ್ಯನವರು ಬಾಳಿನ ಬಹುಭಾಗವನ್ನು ಕಾಲೇಜು ನಡೆಸುವುದರಲ್ಲೇ ಕಳೆದಿರುವಾಗ ಅವರನ್ನು ಭೌತವಿಜ್ಞಾನಿ ಎಂದು ಕರೆಯುವುದು ಸರಿಯೇ ಎಂದು ನೀವು ಕೇಳಿದ್ದೀರಿ. ನಾನು ಅವರ ಶಿಷ್ಯನಲ್ಲ. ಸಾಗರದ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಸರಿ ಎಂದೇ ನನ್ನ ಉತ್ತರ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿ, ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದ ಅವರು 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರೂ ಮರಳಿದ್ದು ಅದೇ ಕಾಲೇಜಿಗೆ. ಅಲ್ಲಿ ಪ್ರಾಂಶುಪಾಲರಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಖಾದಿ ಪಂಚೆ, ಗಾಂಧಿ ಟೋಪಿಯ ಈ ಬ್ರಹ್ಮಚಾರಿ ವಾಸವಾಗಿದ್ದುದು ಕಾಲೇಜು ಹಾಸ್ಟೆಲಿನ ಚಿಕ್ಕ ಕೋಣೆಯಲ್ಲಿ.

ಆದರೆ ಅವರೊಳಗಿನ ಭೌತವಿಜ್ಞಾನಿ ನನಗೆ ಹೆಚ್ಚು ಸ್ಪಷ್ಟವಾಗಿ ಕಾಣುವುದು 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಅವರು ವಿಶ್ವವಿದ್ಯಾಲಯದಲ್ಲಿ ನೇಮಿಸಿದ ಸಮಿತಿಯಲ್ಲಿ. ಬರಿಗೈಯಿಂದ ಉಂಗುರ, ವಿಭೂತಿ ಬರಿಸುತ್ತಿದ್ದ ಆ ಕಾಲದ ಪ್ರಸಿದ್ಧ ಪವಾಡಪುರುಷರಿಗೆ ಅವರು ಪರೀಕ್ಷೆಗೆ ಒಪ್ಪಬೇಕೆಂದು ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಉಂಗುರದ ಬದಲು ಕುಂಬಳಕಾಯಿ ಬರಿಸಿ ತೋರಿಸಲಿ ಎಂಬ ಅವರ ಸವಾಲನ್ನು ಜನ ತಮಾಷೆಯಾಗಿ ನೆನೆಯುತ್ತಾರೆ. ನನಗದು ಪ್ರಯೋಗಶಾಲೆಯ ಮಾತಾಗಿಯೇ ಕೇಳಿಸುತ್ತದೆ. ಲೋಲಕದ ಒಂದು ಆಂದೋಲನದ ಬದಲು ಇಪ್ಪತ್ತರ ಕಾಲವನ್ನು ಅಳೆದು ಭಾಗಿಸುವುದು, ಗಡಿಯಾರ ಒತ್ತುವ ಬೆರಳಿನ ತಡ ಫಲಿತಾಂಶವನ್ನು ಕೆಡಿಸದಿರಲೆಂದು. ಕುಂಬಳಕಾಯಿ ಕೇಳಿದ್ದು, ನಿಲುವಂಗಿಯ ತೋಳಿನೊಳಗೆ ಅದು ಅಡಗಲಾರದೆಂದು.

ಇದು ನನಗೆ ಮನದಟ್ಟಾದದ್ದು ನಮ್ಮ ಮಲೆನಾಡಿನಲ್ಲೇ. ಅಡಿಕೆ ತೋಟಕ್ಕೆ ಬಾವಿ ತೋಡುವ ಮುನ್ನ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಇಲ್ಲಿ ಕರೆಸುತ್ತಾರೆ. ಕಾಯಿ ಎದ್ದು ನಿಂತಲ್ಲಿ ನೀರಿದೆ ಎಂದು ಲೆಕ್ಕ. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಬೇರೆ ಕಡೆ ತೋಡಿದ್ದರೂ ನೀರು ಸಿಗುತ್ತಿತ್ತೇ ಎಂದು ಕೇಳುವವರು ಕಡಿಮೆ. ಒಮ್ಮೆ ನನ್ನ ವಿದ್ಯಾರ್ಥಿಗಳು ಹತ್ತು ಬಕೆಟ್‌ಗಳನ್ನು ಗೋಣಿಯಿಂದ ಮುಚ್ಚಿ, ಐದರಲ್ಲಿ ಮಾತ್ರ ನೀರು ತುಂಬಿ, ಅಂಥ ಹಿರಿಯರೊಬ್ಬರನ್ನು ಕರೆತಂದರು. ಅವರು ಆರಿಸಿದ ಐದರಲ್ಲಿ ನೀರಿದ್ದದ್ದು ಎರಡರಲ್ಲಿ. ಹುಡುಗರು ನಗುವ ಮೊದಲೇ ಆತ, “ಇದು ನಿಂತ ನೀರು ಮೇಷ್ಟ್ರೇ, ಕಾಯಿ ಏಳುವುದು ಹರಿಯುವ ನೀರಿಗೆ” ಎಂದರು. ಕಾಯಿ ಎಂಥ ನೀರಿಗೆ ಏಳುತ್ತದೆ ಎಂಬುದನ್ನು ಮೊದಲೇ ಅವರಿಂದ ಕೇಳಿ ಬರೆದುಕೊಳ್ಳದಿದ್ದದ್ದು ನನ್ನ ತಪ್ಪು. ಪತ್ರ ಬರೆದು ಪರೀಕ್ಷೆಗೆ ಮುಂಚಿತವಾಗಿ ಒಪ್ಪಿಗೆ ಕೇಳುವ ನರಸಿಂಹಯ್ಯನವರ ಕ್ರಮ ಎಷ್ಟು ಅಗತ್ಯವೆಂದು ಅಂದು ಅರಿತೆ. ನೆಲದಲ್ಲಿ ಪೈಪು ಹೂತು ನೀರು ಹರಿಸುತ್ತೇವೆ, ಬನ್ನಿ ಎಂದು ಮರುವರ್ಷ ಅವರಿಗೆ ಹೇಳಿಕಳುಹಿಸಿದೆ. ಕೊನೆಕೊಯ್ಲಿನ ಕಾಲ, ಪುರುಸೊತ್ತಿಲ್ಲ ಎಂಬ ಉತ್ತರ ಬಂತು.