ಬಸುರಿಯರು ಬಂಗುಡೆ ತಿನ್ನಬಾರದಾ? ಮೀನಿನಲ್ಲಿ ಪಾದರಸ ಇರುತ್ತದಂತೆ, ನಿಜವಾ?

ಬಂಗುಡೆ ಬಿಡಬೇಡಿ. ನಿಮ್ಮ ಮನೆಯವರಿಗೆ ಈಗ ನಾಲ್ಕನೇ ತಿಂಗಳು, 'ಮ್ಯಾಕೆರೆಲ್‌ನಲ್ಲಿ ಪಾದರಸ ಜಾಸ್ತಿ' ಅಂತ ಎಲ್ಲೋ ಓದಿ ಮೀನನ್ನೇ ನಿಲ್ಲಿಸಿದ್ದೇವೆ ಅಂದಿದ್ದೀರಿ. ಎಡವಟ್ಟಾಗಿರುವುದು ಹೆಸರಿನಲ್ಲಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಸುರಿಯರಿಗೆ ಬೇಡ ಅನ್ನುವುದು 'ಕಿಂಗ್ ಮ್ಯಾಕೆರೆಲ್'. ಅದು ನಮ್ಮ ಅಂಜಲ್ (ಸುರ್ಮಾಯಿ) ಮೀನಿನ ದಾಯಾದಿ, ಒಂದೇ ಕುಲದ್ದು. ಬಂಗುಡೆಗೆ 'ಇಂಡಿಯನ್ ಮ್ಯಾಕೆರೆಲ್' ಅನ್ನುತ್ತಾರೆ ಅಷ್ಟೆ. ಅದು ನೀರಿನಲ್ಲಿ ತೇಲುವ ಪುಟಾಣಿ ಜೀವಿಗಳಾದ ಪ್ಲಾಂಕ್ಟನ್ ತಿಂದು ಬದುಕುವ ಚಿಕ್ಕ ಮೀನು.

ಪಾದರಸ ಮಾತ್ರ ಸುಳ್ಳಲ್ಲ. ಕಲ್ಲಿದ್ದಲು ಸುಟ್ಟ ಹೊಗೆಯಿಂದ, ಚಿನ್ನ ತೆಗೆಯುವ ಕಡೆಯಿಂದ ಅದು ಸಮುದ್ರ ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಪ್ಲಾಂಕ್ಟನ್‌ನಲ್ಲಿ ಚೂರು, ಅದನ್ನು ತಿನ್ನುವ ಬೂತಾಯಿಯಲ್ಲಿ (ಸಾರ್ಡೀನ್) ಇನ್ನೊಂಚೂರು. ಅಂಥ ಸಾವಿರಾರು ಬೂತಾಯಿ ನುಂಗಿ ವರ್ಷಗಟ್ಟಲೆ ಬದುಕುವ ಅಂಜಲ್, ತಾಟೆ (ಶಾರ್ಕ್) ಮೈಯಲ್ಲಿ ಅಷ್ಟೂ ಕೂಡಿಬೀಳುತ್ತದೆ.

ಒಂದು ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೇಳುವ ಮಿತಿ, ವಾರಕ್ಕೆ ಮೈತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ 96 ಆಯಿತು. ಎಫ್‌ಡಿಎ ಪಟ್ಟಿಯಲ್ಲಿ ಬೂತಾಯಿ ಜಾತಿಯ ಮೀನಿನ ಕಿಲೋದಲ್ಲಿ ಸರಾಸರಿ 13 ಮೈಕ್ರೋಗ್ರಾಂ, ಕಿಂಗ್ ಮ್ಯಾಕೆರೆಲ್‌ನಲ್ಲಿ 730. ಅಂದರೆ ಮಿತಿ ಮುಟ್ಟಲು ಬೂತಾಯಿಯಾದರೆ ವಾರಕ್ಕೆ 7 ಕಿಲೋ ತಿನ್ನಬೇಕು, ಇನ್ನೊಂದಾದರೆ ಸುಮಾರು 130 ಗ್ರಾಂ ಸಾಕು. ಒಂದು ದಪ್ಪ ತುಂಡು! ನಮ್ಮ ಸಮುದ್ರದ ಅಂಕಿ ಬೇರೆ ಇರಬಹುದು, ಆದರೆ ಚಿಕ್ಕದು-ದೊಡ್ಡದರ ಅಂತರ ಇಲ್ಲೂ ಇದ್ದೇ ಇರುತ್ತದೆ.

ಉಪ್ಪು, ಹುಳಿ ಹಾಕಿ ಮೂರು ಸಲ ತೊಳೆದರೆ ಹೋಗುತ್ತದೆ ಅಂತ ನಮ್ಮಮ್ಮನ ವಾದ. ವಾಸನೆ ಹೋಗುತ್ತದೆ, ಪಾದರಸ ಹೋಗಲ್ಲ. ಅದು ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ಹುರಿದರೂ ಅಷ್ಟೆ. ಕ್ಯಾಡ್ಮಿಯಂ ಅನ್ನುವ ಇನ್ನೊಂದು ವಿಷಲೋಹ ಆದರೆ ಹೆಚ್ಚಾಗಿ ಯಕೃತ್ತಿನಂಥ ಒಳಅಂಗಗಳಲ್ಲಿ ಸೇರುತ್ತದೆ. ಹಾಗಾಗಿ ಬೊಂಡಾಸ್ (ಸ್ಕ್ವಿಡ್), ಏಡಿಯ ಒಳಗಿನದನ್ನು ಚೆನ್ನಾಗಿ ತೆಗೆಸಿ.

ಬಸುರಿಯರಿಗೇ ಯಾಕೆ ಇಷ್ಟು ಎಚ್ಚರ ಅಂದರೆ, ಜಪಾನಿನ ಮಿನಮಾಟಾ. ಕಾರ್ಖಾನೆಯೊಂದು ಪಾದರಸವನ್ನು ಕೊಲ್ಲಿಗೆ ಬಿಡುತ್ತಿತ್ತು. ಕಾಯಿಲೆ ಬೆಳಕಿಗೆ ಬಂದದ್ದು 1956ರಲ್ಲಿ. ಮೀನು ತಿಂದ ತಾಯಿಯಲ್ಲಿ ಹೆಚ್ಚೇನೂ ಕಾಣದೆ, ಹುಟ್ಟಿದ ಮಗುವಿನ ಮಿದುಳು ಹಾಳಾಗಿದ್ದ ಪ್ರಕರಣಗಳು ಅಲ್ಲಿ ಸಿಕ್ಕವು. ನಮ್ಮದು ಆ ಮಟ್ಟದ ವಿಷವಲ್ಲ, ಗಾಬರಿ ಬೇಡ. ಹೋದ ವಾರ ಅಂಜಲ್ ತಿಂದಿದ್ದರೂ ಪರವಾಗಿಲ್ಲ, ಮುಂದೆ ಬೇಡ. ಒಳಗೆ ಹೋದದ್ದು ಅರ್ಧ ಇಳಿಯಲು ಸುಮಾರು 50 ದಿನ ಬೇಕು.

ಮೀನನ್ನೇ ಬಿಟ್ಟರೆ ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಕೂಡ ತಪ್ಪುತ್ತದೆ. ಎಫ್‌ಡಿಎ ಬಸುರಿಯರಿಗೆ ವಾರಕ್ಕೆ 225ರಿಂದ 340 ಗ್ರಾಂ ತಿನ್ನಿ ಅಂತಲೇ ಹೇಳುತ್ತದೆ, ಪಾದರಸ ಕಡಿಮೆ ಇರುವ ಮೀನು ಆರಿಸಿಕೊಂಡು. ಬೂತಾಯಿ, ಬಂಗುಡೆ, ಸಿಗಡಿ ತನ್ನಿ. ಅಂಜಲ್, ತಾಟೆ, ದೊಡ್ಡ ಕೇದರ್ (ಟ್ಯೂನಾ) ಹೆರಿಗೆಯಾಗಿ ಹಾಲೂಡಿಸುವುದು ಮುಗಿಯುವವರೆಗೆ ಬೇಡ.

ನಮ್ಮ ಕಡೆ ಬಸುರಿಗೆ ಒಳ್ಳೆಯ ಮೀನು ಅಂದರೆ ದುಬಾರಿ ಮೀನು. ತಂಗಿಯ ಬಯಕೆ ಊಟಕ್ಕೆ ಅವಳತ್ತೆ ತಂದದ್ದೂ ಅಂಜಲ್ಲೇ. ಅವಳಿಗೆ ಬೂತಾಯಿ ಪುಳಿಮುಂಚಿ ಬಡಿಸಿ, ತವಾದಲ್ಲಿ ಹುರಿದ ಅಂಜಲ್ಲನ್ನು ನಾವು ಅವಳ ಎದುರೇ ತಿಂದೆವು. ಮಗುವಿಗೆ ಈಗ ನಾಲ್ಕು ವರ್ಷ. ಆ ಸಿಟ್ಟು ಇನ್ನೂ ಇಳಿದಿಲ್ಲ.